ಬಂದವರ ಲೆಕ್ಕ ಸುಲಭ, ಬಾರದವರದ್ದು? ರಾಜ್ಯದ ಜನರ ಪಾಲ್ಗೊಳ್ಳುವಿಕೆ ಅಳೆಯಲು, ಹೆಚ್ಚಿಸಲು ಒಂದು ಕೈಪಿಡಿ

ಒಂದು ಸಾರ್ವಜನಿಕ ಅಹವಾಲು ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ನಾನೊಮ್ಮೆ ಸುಮ್ನೆ ಲೆಕ್ಕ ಹಾಕಿದ್ದೆ. ಹಾಜರಿ ಪುಸ್ತಕದಲ್ಲಿ 62 ಸಹಿ. ಮೈಕ್ ಹಿಡಿದು ಮಾತಾಡಿದವರು 9 ಜನ. ಆ 9ರಲ್ಲಿ 7 ಜನರನ್ನು ವೇದಿಕೆ ಮೇಲಿದ್ದವರು ಹೆಸರು ಹಿಡಿದೇ ಕರೆದರು. ಅಂದ್ರೆ ಪ್ರತಿ ಸಭೆಗೂ ಬರುವವರು. ಮಾತಾಡಿದ ಹೆಂಗಸರು ಒಬ್ಬರೇ, ಅವರ ಸರದಿ ಬರುವಾಗ ಅರ್ಧ ಕುರ್ಚಿ ಖಾಲಿ. ಮುಂದೆ ಬಂದ ವರದಿಯಲ್ಲಿ ಮಾತ್ರ 'ಸಾರ್ವಜನಿಕರು ಉತ್ಸಾಹದಿಂದ ಪಾಲ್ಗೊಂಡರು' ಎಂಬ ಒಂದೇ ಸಾಲು.

ರಾಜ್ಯ ಮಟ್ಟದಲ್ಲೂ ಹೀಗೇ ಆಗುತ್ತದೆ. ಬಂದವರನ್ನು ಎಣಿಸಿ ಖುಷಿಪಡುತ್ತೇವೆ. ಬಾರದವರು ಯಾರು, ಯಾಕೆ ಬರಲಿಲ್ಲ ಎಂದು ಕೇಳುವುದಿಲ್ಲ. ನೀವು ಒಂದು ಸಂಘಟನೆಯವರೋ, ಕಾಲೇಜಿನವರೋ, ಸರ್ಕಾರಿ ಇಲಾಖೆಯವರೋ ಆಗಿದ್ದು, ನಿಮ್ಮ ರಾಜ್ಯದ ಜನ ಊರಿನ ವ್ಯವಹಾರದಲ್ಲಿ ಎಷ್ಟು ಕೈಹಾಕುತ್ತಾರೆ ಎಂದು ತಿಳಿಯಬೇಕೆಂದಿದ್ದರೆ, ಕೆಳಗಿನ ಕ್ರಮದಲ್ಲಿ ಹೋಗಿ.

1. ಯಾವುದನ್ನು ಪಾಲ್ಗೊಳ್ಳುವಿಕೆ ಅಂತೀರಿ ಎಂದು ಮೊದಲು ಬರೆದುಕೊಳ್ಳಿ

ಮತದಾನ ಒಂದನ್ನೇ ಹಿಡಿದರೆ ಕೆಲಸ ಕೆಡುತ್ತದೆ. ಅದು ಕೆಲವು ವರ್ಷಕ್ಕೊಮ್ಮೆ ಬರುವ ಒಂದು ದಿನ. ಉಳಿದ ದಿನಗಳಲ್ಲಿ ಜನ ಏನು ಮಾಡುತ್ತಾರೆ ಎನ್ನುವುದು ಅದರಲ್ಲಿ ಕಾಣುವುದಿಲ್ಲ. ನಾನು ನಾಲ್ಕು ಬುಟ್ಟಿ ಇಟ್ಟುಕೊಳ್ಳುತ್ತೇನೆ. ಮೊದಲನೆಯದು ಮತದಾನ ಮತ್ತು ಪಟ್ಟಿಯಲ್ಲಿ ಹೆಸರು. ಎರಡನೆಯದು ಸಭೆಗೆ ಹೋಗುವುದು, ಪ್ರತಿನಿಧಿಗೆ ಪತ್ರ ಬರೆಯುವುದು, ದೂರು ಕೊಡುವುದು. ಮೂರನೆಯದು ಸಂಘದ ಸದಸ್ಯತ್ವ ಮತ್ತು ಸ್ವಯಂಸೇವೆ. ನಾಲ್ಕನೆಯದು ಅಕ್ಕಪಕ್ಕದವರಿಗೆ ಆಗುವುದು.

ನಾಲ್ಕನೆಯದನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. ಬಿಡಬೇಡಿ. ಅಮೆರಿಕದ ಸೆನ್ಸಸ್ ಬ್ಯೂರೋ (ಜನಗಣತಿ ಕಚೇರಿ) ಮತ್ತು ಅಮೆರಿಕಾರ್ಪ್ಸ್ (ಸ್ವಯಂಸೇವೆಯ ಕೆಲಸ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಸೇರಿ 2023ರಲ್ಲಿ ನಡೆಸಿದ ಸಮೀಕ್ಷೆ ನೋಡಿ. ಹಿಂದಿನ ಒಂದು ವರ್ಷದಲ್ಲಿ ಯಾವುದಾದರೂ ಸಂಸ್ಥೆಯ ಮೂಲಕ ಸ್ವಯಂಸೇವೆ ಮಾಡಿದವರು ಶೇ. 28.3. ನೆರೆಹೊರೆಯವರಿಗೆ ತಾವಾಗಿಯೇ ಸಹಾಯ ಮಾಡಿದವರು ಶೇ. 54.2. ಸಂಸ್ಥೆಯ ರಿಜಿಸ್ಟರ್ ಮಾತ್ರ ನೋಡಿದ್ದರೆ ಈ ಎರಡನೇ ಗುಂಪಿನಲ್ಲಿ ಎಷ್ಟೋ ಜನ ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಪಕ್ಕದ ಮನೆಯ ಅಜ್ಜಿಗೆ ಔಷಧಿ ತಂದುಕೊಡುವವಳು ಯಾವ ಸಂಘಕ್ಕೂ ಸೇರಿರಬೇಕಿಲ್ಲ.

ಸಭೆಗೆ ಹೋದದ್ದನ್ನು ಎಣಿಸುವಾಗ ಒಂದು ಹಳೆಯ ಎಚ್ಚರಿಕೆ ನೆನಪಿಡಿ. 1969ರಲ್ಲಿ ಶೆರ್ರಿ ಆರ್ನ್‌ಸ್ಟೈನ್ ಎಂಬಾಕೆ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲ ಏಣಿಯಂತೆ ವಿವರಿಸಿದರು. ಕೆಳಗಿನ ಮೆಟ್ಟಿಲುಗಳಲ್ಲಿ ಜನರನ್ನು ಕೂರಿಸಿ ಸಮಾಧಾನ ಮಾಡಿ ಕಳಿಸುತ್ತಾರೆ. ನಡುವಿನಲ್ಲಿ ಮಾಹಿತಿ ಕೊಡುತ್ತಾರೆ, ಅಭಿಪ್ರಾಯ ಕೇಳುತ್ತಾರೆ, ಆದರೆ ಕೇಳಿದಂತೆ ನಡೆಯಬೇಕು ಎಂದೇನಿಲ್ಲ. ಮೇಲಿನ ಮೆಟ್ಟಿಲುಗಳಲ್ಲಿ ಮಾತ್ರ ತೀರ್ಮಾನದಲ್ಲಿ ಜನರಿಗೆ ನಿಜವಾದ ಪಾಲು. ಹಾಗಾಗಿ ಎಷ್ಟು ಸಭೆ ನಡೆಯಿತು ಎನ್ನುವುದರ ಪಕ್ಕದಲ್ಲಿ, ಎಷ್ಟು ಸಭೆಯ ಮಾತು ತೀರ್ಮಾನವನ್ನು ಬದಲಿಸಿತು ಎಂದೂ ಒಂದು ಕಾಲಂ ಹಾಕಿ. ಅದು ಖಾಲಿ ಬಿದ್ದರೆ ಅದೂ ಒಂದು ಉತ್ತರವೇ.

ನಾಲ್ಕೂ ಬುಟ್ಟಿಯನ್ನು ಕೂಡಿಸಿ ಒಂದೇ ಅಂಕ ಮಾಡುವ ಆಸೆ ಬರುತ್ತದೆ. '100ಕ್ಕೆ 58' ಅಂದರೆ ಪತ್ರಿಕೆಗೆ ಚೆನ್ನಾಗಿರುತ್ತದೆ, ಅಲ್ವಾ? ಆದರೆ ಆ 58ರಿಂದ ಯಾರಿಗೂ ನಾಳೆ ಬೆಳಿಗ್ಗೆ ಮಾಡಬೇಕಾದ ಕೆಲಸ ಹೊಳೆಯುವುದಿಲ್ಲ. ನಾಲ್ಕನ್ನೂ ಬೇರೆ ಬೇರೆಯಾಗಿಯೇ ತೋರಿಸಿ.

2. ಈಗಾಗಲೇ ಇರುವ ಅಂಕಿಅಂಶ ಕೂಡಿಹಾಕಿ, ಭಾಗಿಸುವ ಸಂಖ್ಯೆಯನ್ನು ಎರಡು ಸಲ ನೋಡಿ

ಹೊಸ ಸಮೀಕ್ಷೆಗೆ ಕೈ ಹಾಕುವ ಮೊದಲು ಸಿಗುವುದನ್ನೆಲ್ಲ ತನ್ನಿ. ಚುನಾವಣಾ ಕಚೇರಿಯ ಮತಗಟ್ಟೆವಾರು ಲೆಕ್ಕ, ಜನಗಣತಿ, ದೂರು ವಿಭಾಗದ ಪಟ್ಟಿ, ಸಂಘಗಳ ನೋಂದಣಿ, ಸ್ಥಳೀಯ ಸಭೆಗಳ ನಡಾವಳಿ. ಕೆಲವು ದೇಶಗಳಲ್ಲಿ ರಾಷ್ಟ್ರೀಯ ಸಮೀಕ್ಷೆಯಲ್ಲೇ ರಾಜ್ಯವಾರು ಉತ್ತರ ಇರುತ್ತದೆ. ಅಮೆರಿಕದಲ್ಲಿ ಮತದಾನದ ಬಗ್ಗೆ 1964ರಿಂದ, ಸ್ವಯಂಸೇವೆಯ ಬಗ್ಗೆ 2002ರಿಂದ ಹೀಗೆ ಕೇಳುತ್ತಿದ್ದಾರೆ. ಅದನ್ನೇ ಆಧಾರವಾಗಿಟ್ಟುಕೊಂಡು ಅಲ್ಲಿನ ಹಲವು ರಾಜ್ಯಗಳು 'ಸಿವಿಕ್ ಹೆಲ್ತ್ ಇಂಡೆಕ್ಸ್' ಎಂಬ, ಜನರ ಪಾಲ್ಗೊಳ್ಳುವಿಕೆಯನ್ನು ಅಳೆಯುವ ವರದಿ ತಂದಿವೆ. ನ್ಯಾಷನಲ್ ಕಾನ್ಫರೆನ್ಸ್ ಆನ್ ಸಿಟಿಜನ್‌ಶಿಪ್ ಎಂಬ ಸಂಸ್ಥೆ 2006ರಲ್ಲಿ ಶುರು ಮಾಡಿದ ಕೆಲಸ ಅದು.

ಇಲ್ಲಿ ಎಡವುವುದು ಭಾಗಾಕಾರದಲ್ಲಿ. ಒಂದು ರಾಜ್ಯದಲ್ಲಿ ವಯಸ್ಕರು 1 ಕೋಟಿ, ಪಟ್ಟಿಯಲ್ಲಿ ಹೆಸರಿರುವವರು 80 ಲಕ್ಷ, ಮತ ಹಾಕಿದವರು 52 ಲಕ್ಷ ಎಂದುಕೊಳ್ಳಿ. ಪಟ್ಟಿಯಿಂದ ಭಾಗಿಸಿದರೆ ಶೇ. 65. ವಯಸ್ಕರಿಂದ ಭಾಗಿಸಿದರೆ ಶೇ. 52. ಎರಡೂ ಸುಳ್ಳಲ್ಲ. ಆದರೆ ಮೊದಲನೆಯದರಲ್ಲಿ ಪಟ್ಟಿಗೇ ಸೇರದ 20 ಲಕ್ಷ ಜನ ಮಾಯವಾಗಿದ್ದಾರೆ. ಆ 20 ಲಕ್ಷದಲ್ಲಿ ಮತದ ಹಕ್ಕೇ ಇಲ್ಲದವರೂ ಇರಬಹುದು, ಹೊರಗಿನಿಂದ ಬಂದು ನೆಲೆಸಿದವರ ಹಾಗೆ. ಅವರನ್ನು ತೆಗೆದು, ಹಕ್ಕು ಇರುವವರಿಂದ ಮಾತ್ರ ಭಾಗಿಸಿದರೆ ಲೆಕ್ಕ ಇನ್ನೂ ಸರಿಯಾಗುತ್ತದೆ. ಇನ್ನೊಂದು ಕಡೆ, ಸತ್ತವರ ಮತ್ತು ಊರು ಬಿಟ್ಟವರ ಹೆಸರು ಉಳಿದ ಹಳೇ ಪಟ್ಟಿಯಾದರೆ ಮತದಾನ ನಿಜಕ್ಕಿಂತ ಕಡಿಮೆ ಕಾಣುತ್ತದೆ. ಯಾವುದರಿಂದ ಭಾಗಿಸಿದ್ದೀರಿ ಎಂದು ಪ್ರತಿ ಕೋಷ್ಟಕದ ಕೆಳಗೆ ಬರೆಯಿರಿ.

ಮತದ ಹಕ್ಕಿಲ್ಲದ ನಿವಾಸಿಗಳನ್ನು ಉಳಿದ ಮೂರು ಬುಟ್ಟಿಯಿಂದ ಹೊರಗಿಡಬೇಡಿ. ಸಭೆಗೆ ಹೋಗಲು, ಶಾಲೆಗೆ ಕೈಜೋಡಿಸಲು ಮತದಾರರ ಚೀಟಿ ಬೇಕಿಲ್ಲ.

3. ಪ್ರಶ್ನೆ ಬರೆಯುವುದು: ಹೆಚ್ಚು ಸಮಯ ಇಲ್ಲೇ ಕೊಡಿ

'ನಿಮಗೆ ಸಮಾಜದ ಬಗ್ಗೆ ಕಾಳಜಿ ಇದೆಯೇ?' ಎಂದು ಕೇಳಿದರೆ ಇಲ್ಲ ಅನ್ನುವವರು ಯಾರು? ಈ ಥರದ ಪ್ರಶ್ನೆಗೆ ಬರುವ ಶೇ. 90ಕ್ಕೆ ಬೆಲೆ ಇಲ್ಲ. ಮನಸ್ಸನ್ನು ಕೇಳಬೇಡಿ, ಮಾಡಿದ ಕೆಲಸವನ್ನು ಕೇಳಿ. ಅವಧಿಯನ್ನೂ ಹೇಳಿ.

ಒಂದು ಪ್ರಶ್ನೆಯನ್ನು ಹೇಗೆ ತಿದ್ದುತ್ತಾ ಹೋಗಬಹುದು ನೋಡಿ. ಮೊದಲ ಕರಡು: 'ನೀವು ಸ್ಥಳೀಯ ಸಭೆಗಳಿಗೆ ಹೋಗುತ್ತೀರಾ?' ಇದಕ್ಕೆ 'ಹೋಗ್ತೀನಿ' ಅನ್ನುವವರಲ್ಲಿ ಐದು ವರ್ಷದ ಹಿಂದೆ ಒಮ್ಮೆ ಹೋದವರೂ ಇರುತ್ತಾರೆ. ಎರಡನೇ ಕರಡು: 'ಕಳೆದ 12 ತಿಂಗಳಲ್ಲಿ ಸ್ಥಳೀಯ ಆಡಳಿತ ಕರೆದ ಸಭೆಗೆ ಹೋಗಿದ್ದಿರಾ?' ಪರವಾಗಿಲ್ಲ, ಆದರೆ ಎಷ್ಟು ಸಲ ಎಂದು ಗೊತ್ತಾಗುವುದಿಲ್ಲ. ಮೂರನೇ ಕರಡು: 'ಕಳೆದ 12 ತಿಂಗಳಲ್ಲಿ ಸ್ಥಳೀಯ ಆಡಳಿತ ಕರೆದ ಸಭೆಗೆ ಎಷ್ಟು ಸಲ ಹೋಗಿದ್ದಿರಿ? ಒಮ್ಮೆಯೂ ಇಲ್ಲ / 1 ಸಲ / 2 ಅಥವಾ 3 ಸಲ / ಅದಕ್ಕಿಂತ ಜಾಸ್ತಿ.' ಅದರ ಹಿಂದೆಯೇ: 'ಕೊನೆಯ ಸಲ ಹೋದಾಗ ನೀವು ಮಾತಾಡಿದಿರಾ?' ಈಗ ನನ್ನ 62 ಮತ್ತು 9 ಎರಡೂ ಸಿಕ್ಕವು.

ಸ್ವಯಂಸೇವೆಯ ಪ್ರಶ್ನೆಗೆ ಇನ್ನೊಂದು ತೊಡಕಿದೆ. ಮಗುವಿನ ಶಾಲೆಯ ಕಾರ್ಯಕ್ರಮಕ್ಕೆ ಇಡೀ ದಿನ ಕುರ್ಚಿ ಹಾಕಿದ ಅಪ್ಪ ಅದನ್ನು 'ಸ್ವಯಂಸೇವೆ' ಎಂದು ಕರೆಯುವುದೇ ಇಲ್ಲ. ಅಮೆರಿಕದ ಸಮೀಕ್ಷೆಯಲ್ಲಿ ಇದಕ್ಕೊಂದು ಉಪಾಯವಿದೆ. ಮೊದಲು ನೇರವಾಗಿ ಕೇಳುತ್ತಾರೆ. 'ಇಲ್ಲ' ಅಂದವರಿಗೆ ಮತ್ತೊಮ್ಮೆ ಕೇಳುತ್ತಾರೆ: ಯಾವಾಗಲೋ ಒಮ್ಮೆ ಮಾಡಿದ್ದನ್ನು, ಮಕ್ಕಳ ಶಾಲೆಗೆ ಮಾಡಿದ್ದನ್ನು ಕೆಲವರು ಸ್ವಯಂಸೇವೆ ಅಂದುಕೊಳ್ಳುವುದಿಲ್ಲ, ಅಂಥದ್ದೇನಾದರೂ ಮಾಡಿದ್ದೀರಾ? ನೀವೂ ಈ ಎರಡನೇ ಪ್ರಶ್ನೆ ಇಡಿ.

ಮತದಾನದ್ದು ಇದಕ್ಕೆ ಉಲ್ಟಾ. ಇಲ್ಲಿ ಜನ ಮಾಡದಿದ್ದರೂ ಮಾಡಿದೆವು ಅನ್ನುತ್ತಾರೆ. ಸಮೀಕ್ಷೆಯ ಮತದಾನ ಪ್ರಮಾಣ ನಿಜವಾದ ಎಣಿಕೆಗಿಂತ ಮೇಲಿರುವುದು ಎಷ್ಟೋ ದೇಶಗಳಲ್ಲಿ ಕಂಡಿರುವ ಸಂಗತಿ. ಸುಳ್ಳು ಹೇಳಬೇಕು ಅಂತಲ್ಲ, ಎದುರು ಕೂತವರ ಮುಂದೆ 'ಹಾಕಲಿಲ್ಲ' ಅನ್ನಲು ಮುಜುಗರ. 'ಕೆಲಸ, ಕಾಯಿಲೆ, ಪ್ರಯಾಣ ಎಂದು ಎಷ್ಟೋ ಜನರಿಗೆ ಮತ ಹಾಕಲು ಆಗುವುದಿಲ್ಲ, ಈ ಸಲ ನಿಮಗೆ ಆಯಿತಾ?' ಎಂದು ಕೇಳಿದರೆ 'ಇಲ್ಲ' ಅನ್ನುವುದು ಸ್ವಲ್ಪ ಹಗುರವಾಗುತ್ತದೆ. ಅಷ್ಟಾದರೂ ಮತದಾನದ ಒಟ್ಟು ಪ್ರಮಾಣಕ್ಕೆ ಚುನಾವಣಾ ಎಣಿಕೆಯನ್ನೇ ನಂಬಿ. ಸಮೀಕ್ಷೆ ಇರುವುದು ಯಾರು, ಯಾಕೆ ಎಂದು ತಿಳಿಯಲು.

ಪ್ರಶ್ನಾವಳಿ 15 ನಿಮಿಷ ದಾಟಬಾರದು. ಅಚ್ಚಿಗೆ ಹೋಗುವ ಮೊದಲು 20 ಜನರ ಮುಂದೆ ಓದಿ, 'ಈ ಪ್ರಶ್ನೆ ನಿಮಗೆ ಏನು ಅರ್ಥವಾಯಿತು?' ಎಂದು ಅವರ ಮಾತಿನಲ್ಲೇ ಹೇಳಿಸಿ. ಒಂದೆರಡು ಪ್ರಶ್ನೆಗಳಾದರೂ ಅಲ್ಲೇ ಬಿದ್ದುಹೋಗುತ್ತವೆ.

4. ಯಾರನ್ನು ಕೇಳಬೇಕು?

ಆನ್‌ಲೈನ್ ಫಾರ್ಮ್ ಒಂದನ್ನು ಗ್ರೂಪ್‌ಗಳಿಗೆ ಕಳಿಸಿ '10,000 ಜನ ಉತ್ತರಿಸಿದರು' ಎಂದು ಬೀಗುವುದು ಈಗ ಮಾಮೂಲು. ಪಾಲ್ಗೊಳ್ಳುವಿಕೆ ಅಳೆಯಲು ಇದರಷ್ಟು ಕೆಟ್ಟ ದಾರಿ ಇಲ್ಲ. ಕೇಳದೇ ಫಾರ್ಮ್ ತುಂಬುವವರು ಮೊದಲೇ ಪಾಲ್ಗೊಳ್ಳುವ ಸ್ವಭಾವದವರು. ನೀವು ಹುಡುಕುತ್ತಿರುವವರು ಆ ಫಾರ್ಮ್ ತೆರೆಯದವರು.

1936ರಲ್ಲಿ ಅಮೆರಿಕದ ಒಂದು ವಾರಪತ್ರಿಕೆ ಅಧ್ಯಕ್ಷ ಚುನಾವಣೆಯಲ್ಲಿ ನಿಮ್ಮ ಮತ ಯಾರಿಗೆ ಎಂದು ಕೇಳಿ ಸುಮಾರು 1 ಕೋಟಿ ಜನರಿಗೆ ಕಾರ್ಡ್ ಕಳಿಸಿತು. 20 ಲಕ್ಷಕ್ಕೂ ಜಾಸ್ತಿ ಉತ್ತರ ಬಂದವು. ಅದನ್ನು ನೋಡಿ, ಅಧ್ಯಕ್ಷ ರೂಸ್‌ವೆಲ್ಟ್ ಎದುರು ನಿಂತಿದ್ದ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಬರೆಯಿತು. 48 ರಾಜ್ಯಗಳಲ್ಲಿ 46 ರೂಸ್‌ವೆಲ್ಟ್ ಪಾಲಾದವು. ಹೆಸರುಗಳನ್ನು ಟೆಲಿಫೋನ್ ಪಟ್ಟಿ, ಕಾರು ನೋಂದಣಿಯಂಥ ಕಡೆಗಳಿಂದ ತೆಗೆದಿದ್ದರು. ಅದರಲ್ಲೂ ಉತ್ತರಿಸಲು ಮನಸ್ಸಿದ್ದವರು ಮಾತ್ರ ಉತ್ತರಿಸಿದ್ದರು.

ಚೀಟಿ ಎತ್ತಿದಂತೆ ಆರಿಸಿದ ಕೆಲವೇ ನೂರು ಜನ ಇದಕ್ಕಿಂತ ಮೇಲು. ಒಂದು ಸರಳ ಲೆಕ್ಕ: 1ನ್ನು ಜನರ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ. 400 ಜನರಾದರೆ ಉತ್ತರ ಸುಮಾರು ಶೇ. 5ರಷ್ಟು ಆಚೀಚೆ. 1,600 ಜನರಾದರೆ ಶೇ. 2.5. ರಾಜ್ಯದಲ್ಲಿ 10 ಲಕ್ಷ ಜನರಿರಲಿ, 5 ಕೋಟಿ ಇರಲಿ, ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಒಳಗಿನ ಗುಂಪುಗಳಿಗೆ ಬಂದಾಗ ಕಷ್ಟ. 400ರಲ್ಲಿ 25 ವರ್ಷದೊಳಗಿನವರು 60 ಜನ ಸಿಕ್ಕಿದರೆ, ಅವರ ಬಗ್ಗೆ ನೀವು ಹೇಳುವ ಮಾತು ಶೇ. 13ರಷ್ಟು ಆಚೀಚೆ ಆಗಬಹುದು. ಯುವಕರ ಬಗ್ಗೆ, ಒಂದು ಜಿಲ್ಲೆಯ ಬಗ್ಗೆ ಹೇಳಬೇಕಿದ್ದರೆ ಆ ಗುಂಪಿನಿಂದಲೇ ಜಾಸ್ತಿ ಜನರನ್ನು ಆರಿಸಿ. ಆಮೇಲೆ ಒಟ್ಟು ಲೆಕ್ಕ ಮಾಡುವಾಗ ಜನಗಣತಿಯ ಪ್ರಮಾಣಕ್ಕೆ ತಕ್ಕಂತೆ ಆ ಗುಂಪಿನ ಉತ್ತರಗಳ ತೂಕ ಇಳಿಸಿ.

ಆರಿಸಿದ ಮನೆಗೆ ಬೀಗ ಇದ್ದರೆ ಪಕ್ಕದ ಮನೆಗೆ ಹೋಗಬೇಡಿ. ಸಂಜೆ ಮತ್ತೆ ಹೋಗಿ, ರಜಾದಿನ ಹೋಗಿ. ಹಗಲು ಮನೆಯಲ್ಲಿ ಸಿಗದವರೇ ಸಭೆಯಲ್ಲೂ ಸಿಗದವರು.

5. ಸರಾಸರಿ ಬಿಡಿ, ಅಂತರ ನೋಡಿ

ಇದಕ್ಕೆ ಉದ್ದದ ಮಾತು ಬೇಡ. ವಯಸ್ಸು, ಓದು, ಆದಾಯ, ಹೆಣ್ಣು-ಗಂಡು, ನಗರ-ಹಳ್ಳಿ, ಆ ಊರಿಗೆ ಬಂದು ಎಷ್ಟು ವರ್ಷ ಆಯಿತು: ಇಷ್ಟರ ಪ್ರಕಾರ ಬಿಡಿಸಿ ನೋಡಿ. ಕೊನೆಯದನ್ನು ಕೇಳಲು ಮರೆಯುತ್ತಾರೆ, ಆದರೆ ಮನೆ ಬದಲಿಸುತ್ತಾ ಇರುವವರ ಹೆಸರು ಪಟ್ಟಿಯಲ್ಲೂ ಇರುವುದಿಲ್ಲ, ಸಭೆ ಎಲ್ಲಿ ಎಂದೂ ತಿಳಿದಿರುವುದಿಲ್ಲ. ಬೇರೆ ರಾಜ್ಯಗಳ ಜೊತೆ ಹೋಲಿಸಿ 'ನಾವು 14ನೇ ಸ್ಥಾನ' ಎನ್ನುವ ಪಂದ್ಯಕ್ಕೆ ಇಳಿಯಬೇಡಿ. 14ಕ್ಕೂ 19ಕ್ಕೂ ನಡುವಿನ ವ್ಯತ್ಯಾಸ ಎಷ್ಟೋ ಸಲ ಮೇಲೆ ಹೇಳಿದ ಆಚೀಚೆಯ ಒಳಗೇ ಇರುತ್ತದೆ.

6. ಬಾರದವರನ್ನು ಮೂರು ಗುಂಪು ಮಾಡಿ

ರಾಜಕೀಯ ವಿಜ್ಞಾನದವರು ಇದನ್ನು ಚೆನ್ನಾಗಿ ಬಿಡಿಸಿದ್ದಾರೆ. ಕೆಲವರಿಗೆ ಆಗುವುದಿಲ್ಲ. ಕೆಲವರಿಗೆ ಬೇಡ. ಇನ್ನು ಕೆಲವರನ್ನು ಯಾರೂ ಕರೆದಿಲ್ಲ. ಮೂವರಿಗೂ ಒಂದೇ ಮದ್ದು ಕೊಟ್ಟರೆ ಹಣವೂ ಹೋಯಿತು, ವರ್ಷವೂ ಹೋಯಿತು. ಸಂಜೆ ಪಾಳಿಯಲ್ಲಿ ದುಡಿಯುವವಳಿಗೆ 'ಜಾಗೃತಿ' ಭಾಷಣ ಮಾಡಿ ಏನು ಪ್ರಯೋಜನ? ಅವಳಿಗೆ ಬೇಕಾದದ್ದು ಸಭೆಯ ಹೊತ್ತು ಬದಲಾಗುವುದು.

ಹಾಗಾಗಿ 'ಹೋಗಲಿಲ್ಲ' ಅಂದವರಿಗೆ ಒಂದೇ ಪ್ರಶ್ನೆ ಕೇಳಿ: ಮುಖ್ಯ ಕಾರಣ ಯಾವುದು? ಸಮಯ, ದೂರ, ಮಕ್ಕಳನ್ನು ಬಿಡಲು ಆಗದಿರುವುದು, ಸಭೆ ಇದ್ದದ್ದೇ ಗೊತ್ತಿರಲಿಲ್ಲ, ಯಾರೂ ಕರೆಯಲಿಲ್ಲ, ಹೋಗಿ ಏನೂ ಆಗುವುದಿಲ್ಲ, ಆಸಕ್ತಿ ಇಲ್ಲ. ಇದಾದ ಮೇಲೆ ಪ್ರತಿ ಗುಂಪಿನ 10–12 ಜನರ ಜೊತೆ ಕೂತು ಮಾತಾಡಿ. ಕಾಗದದ ಮೇಲೆ 'ಆಸಕ್ತಿ ಇಲ್ಲ' ಎಂದು ಗುರುತು ಹಾಕಿದವರು ಅರ್ಧ ಗಂಟೆ ಮಾತಾಡಿದ ಮೇಲೆ 'ಒಮ್ಮೆ ಹೋಗಿದ್ದೆ, ಯಾರೂ ಕೇಳಿಸಿಕೊಳ್ಳಲಿಲ್ಲ' ಅನ್ನುವುದುಂಟು.

7. ಮದ್ದು ಆರಿಸುವಾಗ

ಆಗದವರಿಗೆ ದಾರಿ ಸಲೀಸು ಮಾಡಿ. ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ 1970ರ ದಶಕದಿಂದಲೇ ಮತದಾನದ ದಿನವೇ ಹೆಸರು ಸೇರಿಸಬಹುದು. ಒರೆಗಾನ್ ರಾಜ್ಯ 2016ರಲ್ಲಿ ಅರ್ಜಿಯನ್ನೇ ತೆಗೆದುಹಾಕಿತು. ವಾಹನ ಪರವಾನಗಿಗೆ ಬಂದ ಅರ್ಹರ ಹೆಸರು ತಾನಾಗಿಯೇ ಪಟ್ಟಿಗೆ ಸೇರುತ್ತದೆ, ಬೇಡ ಅನ್ನುವವರು ಮಾತ್ರ ತಿಳಿಸಬೇಕು. ಸಭೆಗಳಿಗೂ ಇದೇ ಬುದ್ಧಿ ಓಡಿಸಿ: ಹೊತ್ತು, ಜಾಗ, ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು, ಜನರಾಡುವ ಮಾತಿನಲ್ಲಿ ನೋಟಿಸ್.

ಕರೆಯದವರನ್ನು ಕರೆಯಿರಿ. ಸುಮ್ನೆ ಕರೆದರಾಗದು, ಎದುರು ನಿಂತು ಕರೆಯಿರಿ. 1998ರಲ್ಲಿ ಅಮೆರಿಕದ ನ್ಯೂ ಹೇವನ್ ನಗರದಲ್ಲಿ ಸಂಶೋಧಕರಾದ ಅಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್ ಸುಮಾರು 30,000 ಮತದಾರರ ಮೇಲೆ ಪರೀಕ್ಷೆ ಮಾಡಿದರು. ಮನೆ ಬಾಗಿಲಿಗೆ ಹೋಗಿ ಕೇಳಿದಾಗ ಮತದಾನ ಚೆನ್ನಾಗಿಯೇ ಏರಿತು, ಅಂಚೆಗೆ ಸ್ವಲ್ಪ, ಫೋನ್ ಕರೆಗೆ ಏನೂ ಇಲ್ಲ. ಹಾಗಂತ ಫೋನ್ ಯಾವತ್ತೂ ದಂಡ ಅಲ್ಲ. 2008ರಲ್ಲಿ ಅಲ್ಲಿನ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ನಿಕರ್‌ಸನ್ ಮತ್ತು ರಾಜರ್ಸ್ ಎಂಬ ಸಂಶೋಧಕರು ಫೋನಿನಲ್ಲೇ ಮೂರು ಪ್ರಶ್ನೆ ಕೇಳಿಸಿದರು: ಎಷ್ಟು ಹೊತ್ತಿಗೆ ಹೋಗ್ತೀರಿ, ಎಲ್ಲಿಂದ ಹೊರಡ್ತೀರಿ, ಅದಕ್ಕೆ ಮೊದಲು ಏನು ಮಾಡ್ತಿರ್ತೀರಿ? ಹೀಗೆ ಕೇಳಿಸಿಕೊಂಡವರಲ್ಲಿ ಮತದಾನ ಸುಮಾರು 4 ಶೇಕಡಾಂಶ ಏರಿತು. 'ಬನ್ನಿ' ಅನ್ನುವ ಬದಲು 'ಎಷ್ಟೊತ್ತಿಗೆ ಬರ್ತೀರಿ?' ಅನ್ನಿ.

ಅಂಚೆಯಲ್ಲೇ ಬಹಳ ಜೋರಾಗಿ ಕೆಲಸ ಮಾಡಿದ್ದು ಇನ್ನೊಂದಿದೆ, ಆದರೆ ನಾನದನ್ನು ಶಿಫಾರಸು ಮಾಡಲಾರೆ. 2006ರಲ್ಲಿ ಮಿಷಿಗನ್ ರಾಜ್ಯದ ಕೆಲವು ಮನೆಗಳಿಗೆ, ಅವರೂ ಅಕ್ಕಪಕ್ಕದವರೂ ಹಿಂದೆ ಮತ ಹಾಕಿದ್ದರೋ ಇಲ್ಲವೋ ಎಂಬ ಪಟ್ಟಿಯನ್ನೇ ಅಂಚೆಯಲ್ಲಿ ಕಳಿಸಿದರು. ಏನೂ ಕಳಿಸದ ಮನೆಗಳಲ್ಲಿ ಮತದಾನ ಶೇ. 29.7, ಪಟ್ಟಿ ಬಂದ ಮನೆಗಳಲ್ಲಿ ಶೇ. 37.8. ನಾಚಿಕೆಗೆ ಅಷ್ಟು ಬಲ. ಆದರೆ ಮರ್ಯಾದೆಗೆ ಅಂಜಿ ಒಮ್ಮೆ ಬಂದವನು ನಿಮ್ಮ ಮುಂದಿನ ಪತ್ರವನ್ನು ಬಿಚ್ಚುತ್ತಾನಾ?

ಬೇಡ ಅನ್ನುವವರದ್ದು ಕಷ್ಟದ ಕೇಸು. ಅವರಿಗೆ ಬೇಕಾದದ್ದು ಬುದ್ಧಿಮಾತಲ್ಲ, ಪುರಾವೆ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ಬಜೆಟ್‌ನ ಒಂದು ಭಾಗವನ್ನು ಬಡಾವಣೆ ಸಭೆಗಳ ಮುಂದಿಟ್ಟಿತು. ಚರಂಡಿ ಮೊದಲೋ ರಸ್ತೆ ಮೊದಲೋ ಎಂದು ಜನವೇ ಸಾಲು ಹಚ್ಚಿದರು. ಹಿಂದಿನ ವರ್ಷ ಹೇಳಿದ್ದರಲ್ಲಿ ಏನಾಯಿತು ಎಂಬ ಲೆಕ್ಕವನ್ನು ಆಡಳಿತ ಅವರಿಗೇ ಒಪ್ಪಿಸಬೇಕಿತ್ತು. ಆಗ ಮೇಯರ್ ಆಗಿದ್ದ ಒಲಿವಿಯೊ ದುತ್ರಾ 1999ರಲ್ಲಿ ರಿಯೊ ಗ್ರಾಂಡೆ ಡೊ ಸುಲ್ ರಾಜ್ಯದ ಗವರ್ನರ್ ಆದಾಗ ಇದನ್ನು ಇಡೀ ರಾಜ್ಯಕ್ಕೆ ತಂದರು.

ಅದೇ ಮುಖಗಳ ಕಾಟಕ್ಕೆ ಚೀಟಿ ಎತ್ತುವುದೂ ಒಂದು ಮದ್ದು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2004ರಲ್ಲಿ ಚುನಾವಣಾ ಪದ್ಧತಿಯ ಬಗ್ಗೆ ಯೋಚಿಸಲು ಪ್ರತಿ ಕ್ಷೇತ್ರದಿಂದ ಒಬ್ಬ ಹೆಂಗಸು, ಒಬ್ಬ ಗಂಡಸು, ಜೊತೆಗೆ ಮೂಲನಿವಾಸಿಗಳಿಂದ ಇಬ್ಬರು, ಹೀಗೆ 160 ಜನರನ್ನು ಚೀಟಿಯಲ್ಲಿ ಆರಿಸಿತು. ತಿಂಗಳುಗಟ್ಟಲೆ ಕಲಿತು, ಚರ್ಚಿಸಿ ಹೊಸ ಪದ್ಧತಿ ಸೂಚಿಸಿದರು. 2005ರ ಜನಮತದಲ್ಲಿ ಅದಕ್ಕೆ ಶೇ. 57ಕ್ಕೂ ಜಾಸ್ತಿ ಬೆಂಬಲ ಬಂತು, ಆದರೆ ಬೇಕಿದ್ದದ್ದು ಶೇ. 60. ಬಿದ್ದುಹೋಯಿತು. ಗೆರೆ ಎಲ್ಲಿದೆ ಎಂದು ಮೊದಲೇ ಸಾರಿದ್ದರಿಂದ ಯಾರೂ ಆಟ ಕೆಡಿಸಿದರು ಅನ್ನುವಂತಿರಲಿಲ್ಲ. ನಿಮ್ಮ ಸಭೆಗೂ ಹೀಗೆ ಮೊದಲೇ ಹೇಳಿ: ಇಲ್ಲಿ ಆದ ತೀರ್ಮಾನ ಯಾರನ್ನು, ಎಷ್ಟು ಕಟ್ಟಿಹಾಕುತ್ತದೆ?

8. ಮತ್ತೆ ಅಳೆಯಿರಿ

ಮದ್ದನ್ನು ಎಲ್ಲ ಕಡೆ ಒಟ್ಟಿಗೆ ಹಂಚಬೇಡಿ. 40 ಊರುಗಳಿದ್ದರೆ ಚೀಟಿ ಎತ್ತಿ 20ರಲ್ಲಿ ಈ ವರ್ಷ, ಉಳಿದ 20ರಲ್ಲಿ ಮುಂದಿನ ವರ್ಷ ಶುರು ಮಾಡಿ. ವರ್ಷದ ಕೊನೆಗೆ ಎರಡೂ ಗುಂಪನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಫಲ ಸಿಕ್ಕಿತೋ ಇಲ್ಲವೋ ಗೊತ್ತಾಗುತ್ತದೆ.

ಎರಡನೇ ಸಮೀಕ್ಷೆಯನ್ನು ಅದೇ ತಿಂಗಳಲ್ಲಿ, ಅದೇ ಕ್ರಮದಲ್ಲಿ, ಅದೇ ಪದಗಳಲ್ಲಿ ಮಾಡಿ. ಪ್ರಶ್ನೆಯನ್ನು 'ಸ್ವಲ್ಪ ಚೆಂದ ಮಾಡೋಣ' ಎಂದು ಯಾರಾದರೂ ಬರುತ್ತಾರೆ, ಬಿಡಬೇಡಿ. 400 ಜನರ ಎರಡು ಸಮೀಕ್ಷೆಗಳ ನಡುವೆ ಸುಮಾರು 7 ಶೇಕಡಾಂಶಕ್ಕಿಂತ ಕಡಿಮೆ ಏರಿಳಿತ ಕಂಡರೆ ಹಿಗ್ಗಲೂ ಬೇಡ, ಕುಗ್ಗಲೂ ಬೇಡ.

ಫಲಿತಾಂಶವನ್ನು ಮೊದಲು ತೋರಿಸಬೇಕಾದದ್ದು ಉತ್ತರ ಕೊಟ್ಟ ಜನರಿಗೆ. ಒಂದು ಪುಟ ಸಾಕು: ನೀವು ಹೇಳಿದ್ದು ಇದು, ಇದರಲ್ಲಿ ಆದದ್ದು ಇಷ್ಟು, ಆಗದ್ದು ಇಷ್ಟು, ಕಾರಣ ಇದು. ಸಮೀಕ್ಷೆಗೆ ಕೈ ಹಾಕುವಷ್ಟು ಶಕ್ತಿ ಇನ್ನೂ ಇಲ್ಲವಾದರೆ ಮುಂದಿನ ಸಭೆಯ ಹಾಜರಿ ಪುಸ್ತಕದಿಂದ ಶುರು ಮಾಡಿ. ಹೆಸರು ಮತ್ತು ಸಹಿಯ ಪಕ್ಕ ಮೂರು ಗೆರೆ ಎಳೆಯಿರಿ: ಇದೇ ಮೊದಲ ಸಲವೇ? ಕರೆದವರು ಯಾರು? ಮಾತಾಡಿದಿರಾ? ಮೂರನೆಯದನ್ನು ಸಭೆ ಮುಗಿದು ಹೊರಡುವಾಗ ತುಂಬಿಸಿ.